ಸೈಕ್ಲಿನ್–ಸಿಡಿಕೆ ಜೋಡಿಯನ್ನು ಸರಿಯಾದ ಗಳಿಗೆಯಲ್ಲಿ ಹಿಡಿಯುವುದು ಹೇಗೆ

"ಅಕ್ಕಾರ, ಬ್ಯಾಂಡ್ ಬಂದಾವ್ರಿ. ಆದ್ರ ಜಿ2 ಲೇನಿನ್ಯಾಗೂ ಅಷ್ಟ, ಮೈಟೋಸಿಸ್ ಲೇನಿನ್ಯಾಗೂ ಅಷ್ಟ. ಪ್ರಯೋಗ ಕೆಟ್ಟೈತೇನ್ರಿ?"

ಪುಣೆಯ ಕನ್ನಡದವರ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಬೆಳಗಾವಿಯ ಹುಡುಗಿ ಕೇಳಿದ ಪ್ರಶ್ನೆ ಇದು. ಇಲ್ಲೇ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಸೈಕ್ಲಿನ್ ಬಿ1 ಎಂಬ ಪ್ರೋಟೀನನ್ನು ಆಂಟಿಬಾಡಿ ಮತ್ತು ಪುಟ್ಟ ಮಣಿಗಳಿಂದ (ಬೀಡು) ಎಳೆದು, ಅದಕ್ಕೆ ಅಂಟಿಬಂದ ಸಿಡಿಕೆ1 ಎಂಬ ಕೈನೇಸನ್ನು (ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಕೂರಿಸುವ ಕಿಣ್ವ) ಬ್ಲಾಟಿನಲ್ಲಿ ನೋಡುವ ಪ್ರಯೋಗ ಅವಳದು; ಇದಕ್ಕೆ ಇಮ್ಯುನೊಪ್ರೆಸಿಪಿಟೇಶನ್, ಚಿಕ್ಕದಾಗಿ ಐಪಿ ಎನ್ನುತ್ತಾರೆ. ಜಿ2 ಎಂದರೆ ಕೋಶ ವಿಭಜನೆಗೆ ಸಿದ್ಧವಾಗುವ ಹಂತ, ಮೈಟೋಸಿಸ್ ಎಂದರೆ ವಿಭಜನೆಯೇ. "ಕೆಟ್ಟಿಲ್ಲ ತಂಗಿ, ಅದು ಹಂಗ ಬರಬೇಕು" ಅಂದೆ. ನಂಬಲಿಲ್ಲ. ಅವಳ ಗೈಡ್ ಮರಾಠಿಯವರು, ಪ್ರೋಟೋಕಾಲ್ ಇಂಗ್ಲಿಷಿನದು, ನನ್ನ ವಿವರಣೆ ಹೋಳಿಗೆಯ ನಡುವೆ ಅರ್ಧಕ್ಕೇ ನಿಂತಿತು. ಪಾಷಾಣ ರಸ್ತೆಯ ಕಡೆಯ ಒಂದು ಲ್ಯಾಬಿನಲ್ಲಿ ಕೋಶ ಬೆಳೆಸುತ್ತ, ಬ್ಲಾಟ್ ಮಾಡುತ್ತ ತಲೆಗೂದಲು ಬೆಳ್ಳಗಾದವಳು ನಾನು. ಅಂದು ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವೆಸ್ಟರ್ನ್ ಬ್ಲಾಟ್ ಒಮ್ಮೆಯಾದರೂ ಮಾಡಿದವರಿಗಾಗಿ ಈ ಬರಹ.

ಮೊದಲು, ಎರಡೂ ಲೇನಿನಲ್ಲಿ ಬ್ಯಾಂಡ್ ಒಂದೇ ಥರ ಇರುವುದೇಕೆ ಸರಿ?

ಸೈಕ್ಲಿನ್ ಬಿ1 ಡಿಎನ್‌ಎ ನಕಲಾಗುವ ಎಸ್ ಹಂತದ ಕೊನೆಯಿಂದಲೇ ತಯಾರಾಗುತ್ತ ಜಿ2ರಲ್ಲಿ ತುಂಬಿಕೊಳ್ಳುತ್ತದೆ. ತಯಾರಾದಂತೆಲ್ಲ ಸಿಡಿಕೆ1ಕ್ಕೆ ಅಂಟಿಕೊಳ್ಳುತ್ತದೆ. ಅಂದರೆ ಮೈಟೋಸಿಸ್‌ಗೆ ತಾಸುಗಟ್ಟಲೆ ಮೊದಲೇ ಜೋಡಿ ಸಿದ್ಧ. ಆದರೆ ಅದು ಕೆಲಸ ಮಾಡದಂತೆ ವೀ1 ಎಂಬ ಕೈನೇಸ್ ಸಿಡಿಕೆ1ರ ಟೈರೊಸಿನ್ 15ರ (15ನೇ ಜಾಗದ ಅಮೈನೋ ಆಮ್ಲ) ಮೇಲೆ ಫಾಸ್ಫೇಟ್ ಕೂರಿಸಿರುತ್ತದೆ. ಮಿಟ್1 ಎಂಬ ಅದರ ಸಂಬಂಧಿ ಥ್ರಿಯೊನಿನ್ 14ರ ಮೇಲೂ ಕೂರಿಸುತ್ತದೆ. ಎರಡನ್ನೂ ಕೀಳುವುದು ಸಿಡಿಸಿ25 ಎಂಬ ಫಾಸ್ಫಟೇಸ್ (ಫಾಸ್ಫೇಟ್ ಕೀಳುವ ಕಿಣ್ವ). ಕಿತ್ತೊಡನೆ ಸಿಡಿಕೆ1 ಎಚ್ಚರಗೊಂಡು ಸಿಡಿಸಿ25ನ್ನು ಇನ್ನಷ್ಟು ಚುರುಕು ಮಾಡುತ್ತದೆ, ವೀ1ನ್ನು ಅಡಗಿಸುತ್ತದೆ. ಪಿಎಲ್‌ಕೆ1 ಎಂಬ ಇನ್ನೊಂದು ಕೈನೇಸ್ ಕೂಡ ಕೈಹಾಕುತ್ತದೆ, ವೀ1ರ ಕೆಲವು ಜಾಗಗಳಿಗೆ ಫಾಸ್ಫೇಟ್ ಬಿದ್ದು ಅದು ಪ್ರೋಟೀನುಗಳನ್ನು ಪುಡಿಮಾಡುವ ಪ್ರೋಟಿಯಾಸೋಮಿಗೆ ಹೋಗುತ್ತದೆ. ಸುತ್ತು ಒಮ್ಮೆ ಶುರುವಾಯಿತೆಂದರೆ ಹಿಂದಕ್ಕೆ ಬರುವುದಿಲ್ಲ.

ಹಾಗಾಗಿ ಸೈಕ್ಲಿನ್ ಬಿ1ನ್ನು ಎಳೆದು ಸಿಡಿಕೆ1ಕ್ಕೆ ಬ್ಲಾಟ್ ಮಾಡಿದರೆ ಕಾಣುವುದು ನಿಶ್ಚಿತಾರ್ಥ. ಮದುವೆ ಆಯಿತೇ ಎಂದು ತಿಳಿಯಲು ಟೈರೊಸಿನ್ 15ನ್ನು ಕೇಳಬೇಕು. ಈ ಎರಡು ಪ್ರಶ್ನೆ ಬೇರೆ ಬೇರೆ ಎಂಬುದು ಹೊಸಬರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಹುಡುಗರು ಬ್ಯಾಂಡಿನ ದಪ್ಪ ಅಳೆಯುತ್ತ ಕೂರುತ್ತಾರೆ.

ಕೋಶಗಳನ್ನು ಹೊಂದಿಸಿಕೊಳ್ಳುವುದು

ಈ ಪ್ರಯೋಗದ ಮುಕ್ಕಾಲು ಭಾಗ ಇದೇ. ಆಂಟಿಬಾಡಿ, ಬೀಡು ಎಲ್ಲ ಆಮೇಲೆ. ಸುಮ್ಮನೆ ಬೆಳೆಸಿದ ಹೀಲಾ (ಲ್ಯಾಬುಗಳಲ್ಲಿ ಬೆಳೆಸುವ ಮನುಷ್ಯನ ಕೋಶತಳಿ) ಡಿಷ್‌ನಲ್ಲಿ ಯಾವ ಗಳಿಗೆಯಲ್ಲಿ ನೋಡಿದರೂ ನೂರಕ್ಕೆ ಕೆಲವೇ ಕೋಶಗಳು ಮೈಟೋಸಿಸ್‌ನಲ್ಲಿರುತ್ತವೆ. ಕೋಶಚಕ್ರ ಸುಮಾರು ಒಂದು ದಿನದ್ದು, ಮೈಟೋಸಿಸ್ ತಾಸಿನ ಆಸುಪಾಸಿನದು. ಆ ಕೆಲವನ್ನು ಉಳಿದವುಗಳ ಜತೆ ಅರೆದರೆ ಏನು ಗೊತ್ತಾದೀತು?

ಸುಲಭದ ದಾರಿ ಆರ್‌ಒ-3306. 2006ರಲ್ಲಿ ಬಂದ ಈ ಅಣು ಸಿಡಿಕೆ1ನ್ನೇ ತಡೆಯುತ್ತದೆ, ಕೋಶಗಳು ಜಿ2ರ ಅಂಚಿಗೆ ಬಂದು ನಿಲ್ಲುತ್ತವೆ. ತೊಳೆದರೆ ಹೊರಟುಬಿಡುತ್ತವೆ. 10 ಸೆಂಟಿಮೀಟರ್ ಡಿಷ್‌ಗಳಲ್ಲಿ ಕೋಶಗಳು ಅರ್ಧಕ್ಕಿಂತ ತುಸು ಹೆಚ್ಚು ತುಂಬಿದಾಗ, ಸಂಜೆ ಐದಕ್ಕೆ 9 ಮೈಕ್ರೋಮೋಲಾರ್ ಹಾಕಿ ಮನೆಗೆ ಹೋಗಿ. ಔಷಧಿ ಕರಗಿಸಿದ ಡಿಎಂಎಸ್‌ಒ ಅಷ್ಟನ್ನೇ ಒಂದು ಡಿಷ್‌ಗೆ ಬರಿದೆ ಹಾಕಿಡಿ. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೂರು ಗುಂಪು ಕೈಯಲ್ಲಿರುತ್ತವೆ: ಡಿಎಂಎಸ್‌ಒದ ಮಿಶ್ರ ಕೋಶಗಳು, ಆರ್‌ಒದಲ್ಲೇ ಇರುವ ಜಿ2 ಕೋಶಗಳು, ಮತ್ತು ತೊಳೆದು ಬಿಡಬೇಕಾದವು.

ತೊಳೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 37 ಡಿಗ್ರಿಗೆ ಬೆಚ್ಚಗಿರುವ, ಕೋಶ ಬೆಳೆಸುವ ಮಾಧ್ಯಮದಿಂದ ಮೂರು ಸಲ, ಬೇಗ ಬೇಗ. ಪುಣೆಯಲ್ಲಿ ಡಿಸೆಂಬರ್–ಜನವರಿಯ ಬೆಳಿಗ್ಗೆ ಹುಡ್‌ನ ಕೆಳಗಿನ ಸ್ಟೀಲ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ವಾಟರ್ ಬಾತಿನಿಂದ ತಂದ ಬಾಟಲಿ ಅಲ್ಲಿಟ್ಟು ಫೋನ್ ನೋಡುತ್ತ ನಿಂತರೆ ಮಾಧ್ಯಮ ಆರಿ ಹೋಗುತ್ತದೆ, ಕೋಶಗಳು ತಡಮಾಡುತ್ತವೆ, ನಿಮ್ಮ "45 ನಿಮಿಷ" ಇನ್ನೊಬ್ಬರ 45 ನಿಮಿಷ ಆಗುವುದಿಲ್ಲ. ನಾನು ಬಾಟಲಿಯನ್ನು ಬೆಚ್ಚಗಿನ ನೀರಿನ ಬೀಕರಿನಲ್ಲಿಟ್ಟೇ ಹುಡ್‌ಗೆ ತರುತ್ತೇನೆ.

ಬಿಟ್ಟ ಮೇಲೆ ಮುಕ್ಕಾಲು ತಾಸಿನಿಂದ ಒಂದು ತಾಸಿನೊಳಗೆ ಸೂಕ್ಷ್ಮದರ್ಶಕದಲ್ಲಿ ದುಂಡಗೆ, ಅಂಚು ಹೊಳೆಯುವ ಕೋಶಗಳು ಎದ್ದು ನಿಲ್ಲುತ್ತವೆ. ಡಿಷ್‌ನ ಪಕ್ಕವನ್ನು ಅಂಗೈಯಿಂದ ತಟ್ಟಿ ಅವನ್ನಷ್ಟೇ ಉದುರಿಸಿಕೊಳ್ಳಿ. ಇನ್ನೂ ಚಪ್ಪಟೆಯಾಗಿ ಅಂಟಿರುವವು ನಿಮಗೆ ಬೇಡ. ಜಿ2ರ ಡಿಷ್‌ನಲ್ಲಿ ಇದರ ಉಲ್ಟಾ: ತೇಲುವವನ್ನು ಚೆಲ್ಲಿ ಅಂಟಿದವನ್ನು ಇಟ್ಟುಕೊಳ್ಳಿ. ಉದುರಿಸಿದಾಗ ಸಿಗುವ ಕೋಶ ಕಡಿಮೆ, ಆದ್ದರಿಂದ ಮೈಟೋಸಿಸ್‌ಗೆ ಮೂರು ನಾಲ್ಕು ಡಿಷ್ ಬೇಕು, ಜಿ2ಗೆ ಒಂದೋ ಎರಡೋ ಸಾಕು.

ತಾಸು ಮೀರಿ ಕಾಯಬೇಡಿ. ಕ್ರೋಮೊಸೋಮುಗಳು ಬೇರ್ಪಡುವ ಅನಾಫೇಸ್‌ಗೆ ತುಸು ಮುಂಚೆಯೇ ಎಪಿಸಿ ಎಂಬ ಯಂತ್ರ ಸೈಕ್ಲಿನ್ ಬಿ1ಕ್ಕೆ ಯುಬಿಕ್ವಿಟಿನ್ ಎಂಬ ನಾಶದ ಗುರುತು ಹಚ್ಚುತ್ತದೆ, ಅದು ನಾಶವಾಗುತ್ತದೆ. ಎಳೆಯಬೇಕಾದ ಪ್ರೋಟೀನೇ ಇಲ್ಲದೆ ಖಾಲಿ ಲೇನ್ ನೋಡಿ "ಮೈಟೋಸಿಸ್‌ನಲ್ಲಿ ಜೋಡಿ ಬಿಡಿಸಿಕೊಳ್ಳುತ್ತದೆ" ಎಂದು ಬರೆದುಕೊಂಡ ನೋಟ್‌ಬುಕ್ಕುಗಳು ಲ್ಯಾಬುಗಳಲ್ಲಿ ಕಡಿಮೆಯಿಲ್ಲ. ಗಡಿಯಾರದ ಜತೆ ಓಡಲಾಗದು ಎನ್ನುವವರು, ತೊಳೆದ ಮೇಲೆ ಮಾಧ್ಯಮಕ್ಕೆ ಪ್ರತಿ ಮಿಲಿಲೀಟರಿಗೆ 100 ನ್ಯಾನೋಗ್ರಾಂನಂತೆ ನೋಕೋಡಜೋಲ್ ಹಾಕಿ. ಸ್ಪಿಂಡಲ್ ಕಟ್ಟಿಕೊಳ್ಳದೆ ಕೋಶಗಳು ಪ್ರೊಮೆಟಾಫೇಸ್‌ನಲ್ಲೇ ನಿಲ್ಲುತ್ತವೆ, ಸೈಕ್ಲಿನ್ ಬಿ1 ಉಳಿಯುತ್ತದೆ.

ಆರ್‌ಒಗೆ ದುಡ್ಡಿಲ್ಲದ ಲ್ಯಾಬುಗಳಿಗೆ ಡಿಎನ್‌ಎ ನಕಲಾಗುವುದನ್ನು ತಡೆಯುವ ಥೈಮಿಡಿನನ್ನು ಎರಡು ಸಲ ಕೊಡುವ ಹಳೆಯ ದಾರಿ ಇದ್ದೇ ಇದೆ. ಸೋಮವಾರ ಸಂಜೆ ಐದಕ್ಕೆ 2 ಮಿಲಿಮೋಲಾರ್ ಹಾಕಿ, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ತೊಳೆಯಿರಿ, ರಾತ್ರಿ ಎಂಟಕ್ಕೆ ಮತ್ತೆ ಹಾಕಿ, ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಬಿಡಿ. ಸಂಜೆ ಆರು–ಏಳಕ್ಕೆ ಜಿ2, ರಾತ್ರಿ ಒಂಬತ್ತು–ಹತ್ತರ ಸುಮಾರಿಗೆ ಮೈಟೋಸಿಸ್. ಕೋಶಗಳ ತಳಿ, ಮಾಧ್ಯಮದ ಮೇಲೆ ಇದು ಹಿಂದೆಮುಂದೆ ಆಗುತ್ತದೆ, ಮೊದಲ ಸಲ ತಾಸಿಗೊಂದು ಸ್ಯಾಂಪಲ್ ತೆಗೆದು ನಿಮ್ಮ ಕೋಶಗಳ ಹೊತ್ತು ತಿಳಿದುಕೊಳ್ಳಿ. ಸೋಮವಾರ ಶುರು ಮಾಡಿ ಎನ್ನಲು ಕಾರಣವಿದೆ. ಪುಣೆಯಲ್ಲಿ ಗುರುವಾರ ದುರಸ್ತಿಯ ಹೆಸರಿನಲ್ಲಿ ನೀರು ಇಲ್ಲವೇ ಕರೆಂಟು ಬಂದ್ ಆಗುವುದು ಊರಿಗೆಲ್ಲ ಗೊತ್ತು. ಅನಂತ ಚತುರ್ದಶಿಯ ವಾರವಂತೂ ಈ ಕೆಲಸ ಬೇಡವೇ ಬೇಡ. ಗಣಪತಿ ವಿಸರ್ಜನೆಯ ಮೆರವಣಿಗೆ ಹಗಲು ರಾತ್ರಿ ನಡೆದು ಹಳೆಯ ಪುಣೆಯ ಪೇಠ್‌ಗಳ ರಸ್ತೆಗಳೆಲ್ಲ ಮುಚ್ಚಿರುತ್ತವೆ, ರಾತ್ರಿ ಹತ್ತಕ್ಕೆ ಲ್ಯಾಬಿಗೆ ಬರುತ್ತೇನೆ ಎನ್ನುವುದು ಕನಸು.

ಜಿ2ನೋ ಮೈಟೋಸಿಸೋ ಎಂದು ಖಚಿತ ಮಾಡಿಕೊಳ್ಳಲು ಫ್ಲೋ ಸೈಟೊಮೀಟರಿನಲ್ಲಿ ಪ್ರೊಪಿಡಿಯಂ ಅಯೊಡೈಡ್ (ಡಿಎನ್‌ಎಗೆ ಹಚ್ಚುವ ಬಣ್ಣ) ಒಂದನ್ನೇ ನೋಡಿದರೆ ಪ್ರಯೋಜನವಿಲ್ಲ. ಎರಡರಲ್ಲೂ ಡಿಎನ್‌ಎ ಅಷ್ಟೇ ಇರುತ್ತದೆ. ಹಿಸ್ಟೋನ್ ಎಚ್3ರ ಸೆರಿನ್ 10ಕ್ಕೆ ಫಾಸ್ಫೇಟ್ ಬಿದ್ದಿದೆಯೇ ನೋಡಿ: ಮೈಟೋಸಿಸ್‌ನಲ್ಲಿ ಅದು ಜೋರಾಗಿ ಬರುತ್ತದೆ. ಇನ್‌ಪುಟ್ (ಎಳೆಯುವ ಮುಂಚಿನ ತಿಳಿಯ) ಬ್ಲಾಟಿನ ಕೆಳಭಾಗ ಕತ್ತರಿಸಿ ಅದೇ ಪೊರೆಯಲ್ಲೇ ನೋಡಬಹುದು, 17 ಕಿಲೋಡಾಲ್ಟನ್ ಹತ್ತಿರ.

ಅರೆಯುವ ಬಫರ್

50 ಮಿಲಿಮೋಲಾರ್ ಟ್ರಿಸ್ ಪಿಎಚ್ 7.5, 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 1 ಮಿಲಿಮೋಲಾರ್ ಇಡಿಟಿಎ, ಶೇಕಡಾ 0.5 ಎನ್‌ಪಿ-40. ಇಷ್ಟು ಮೊದಲೇ ಮಾಡಿ ಫ್ರಿಜ್ಜಿನಲ್ಲಿಡಬಹುದು. ಎಸ್‌ಡಿಎಸ್ ಇರುವ ರಿಪಾ ಬಫರ್ ಬೇಡ, ಕೂಡಿದ ಪ್ರೋಟೀನುಗಳನ್ನು ಅದು ಬಿಡಿಸಿಬಿಡಬಹುದು.

ಬಳಸುವ ದಿನ ಸೇರಿಸಬೇಕಾದವು ಇನ್ನೂ ಮುಖ್ಯ: 50 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್, 10 ಮಿಲಿಮೋಲಾರ್ ಬೀಟಾ-ಗ್ಲಿಸೆರೊಫಾಸ್ಫೇಟ್, 1 ಮಿಲಿಮೋಲಾರ್ ಸೋಡಿಯಂ ಆರ್ಥೊವನಾಡೇಟ್, 1 ಮಿಲಿಮೋಲಾರ್ ಪಿಎಂಎಸ್‌ಎಫ್, ಪ್ರೋಟಿಯೇಸ್ ಕಾಕ್‌ಟೇಲ್. ಫ್ಲೋರೈಡ್ ಮತ್ತು ಗ್ಲಿಸೆರೊಫಾಸ್ಫೇಟ್ ಸೆರಿನ್–ಥ್ರಿಯೊನಿನ್ ಮೇಲಿನ ಫಾಸ್ಫೇಟ್ ಕಾಯುತ್ತವೆ, ವನಾಡೇಟ್ ಟೈರೊಸಿನ್ ಮೇಲಿನದನ್ನು. ನಮ್ಮ ಇಡೀ ಪ್ರಶ್ನೆ ಟೈರೊಸಿನ್ 15ರ ಮೇಲೆ ನಿಂತಿರುವಾಗ ವನಾಡೇಟನ್ನು "ಇವತ್ತು ಮುಗಿದಿದೆ, ನಡೀತದ ಬಿಡು" ಎನ್ನುವಂತಿಲ್ಲ. ಅದನ್ನು ಹುರುಪುಗೊಳಿಸುವ ವಿಧಾನವೂ ಇದೆ: ದ್ರಾವಣವನ್ನು ಪಿಎಚ್ 10ಕ್ಕೆ ತಂದರೆ ಹಳದಿ ಬಣ್ಣ ಬರುತ್ತದೆ, ಬಣ್ಣ ಹೋಗುವವರೆಗೆ ಕುದಿಸಿ, ಆರಿಸಿ, ಪಿಎಚ್ ಮತ್ತೆ 10ಕ್ಕೆ ತನ್ನಿ. ಹಳದಿಯಾಗದೆ ನಿಲ್ಲುವವರೆಗೆ ಹೀಗೇ ಮಾಡಿ, ಸಣ್ಣ ಸಣ್ಣ ಟ್ಯೂಬುಗಳಲ್ಲಿ ಫ್ರೀಜ್ ಮಾಡಿಡಿ. ಈ ಬಫರಿಗೆ ಡಿಟಿಟಿ ಹಾಕಬೇಡಿ, ವನಾಡೇಟ್ ಸತ್ತು ಹೋಗುತ್ತದೆ. ಪಿಎಂಎಸ್‌ಎಫ್ ನೀರಿನಲ್ಲಿ ಬಹಳ ಹೊತ್ತು ಬಾಳುವುದಿಲ್ಲ, ಕೋಶಗಳ ಮೇಲೆ ಸುರಿಯುವ ಮುನ್ನ ಹಾಕಿ. ವಿಷ, ಗ್ಲವ್ಸ್ ಇರಲಿ.

ಇಷ್ಟೆಲ್ಲ ಕಾವಲು ಯಾಕೆ? ಮೈಟೋಸಿಸ್‌ಗೆ ಹೋಗುವುದೆಂದರೆ ಕೈನೇಸ್ ಏರುವುದಷ್ಟೇ ಅಲ್ಲ, ಫಾಸ್ಫಟೇಸ್ ಇಳಿಯಬೇಕು. ಕೋಶದೊಳಗೆ ಗ್ರೇಟ್‌ವಾಲ್ ಎಂಬ ಕೈನೇಸ್ ಎನ್ಸಾ ಮತ್ತು ಆರ್ಪ್19 ಎಂಬ ಪುಟ್ಟ ಪ್ರೋಟೀನುಗಳಿಗೆ ಫಾಸ್ಫೇಟ್ ಹಾಕುತ್ತದೆ, ಅವು ಹೋಗಿ ಪಿಪಿ2ಎ-ಬಿ55 ಎಂಬ ಫಾಸ್ಫಟೇಸ್‌ಗೆ ಅಡ್ಡ ನಿಲ್ಲುತ್ತವೆ. ಕೋಶ ಒಡೆದ ಕ್ಷಣ ಆ ಏರ್ಪಾಡು ಚದುರುತ್ತದೆ. ಪಾತ್ರೆಯೊಳಗೆ ಫಾಸ್ಫಟೇಸ್‌ಗಳಿಗೆ ಹಬ್ಬ. ಅವನ್ನು ತಡೆಯುವ ಹೊಣೆ ಇನ್ನು ಬಫರಿನದು.

ಇನ್ನೊಂದು ತೊಂದರೆಯೂ ಒಡೆದ ಕ್ಷಣದಿಂದಲೇ ಶುರು. ಜೀವಂತ ಕೋಶದಲ್ಲಿ ಮಿಟ್1 ಪೊರೆಗಳಿಗೆ ಅಂಟಿರುತ್ತದೆ, ವೀ1 ಹೆಚ್ಚಾಗಿ ನ್ಯೂಕ್ಲಿಯಸ್ಸಿನಲ್ಲಿರುತ್ತದೆ, ಸೈಕ್ಲಿನ್ ಬಿ1 ಪ್ರೊಫೇಸ್‌ವರೆಗೂ ಬಹುಪಾಲು ಸೈಟೊಪ್ಲಾಸಂನಲ್ಲೇ. ಅರೆದ ಮೇಲೆ ಎಲ್ಲರೂ ಒಂದೇ ಅಂಗಳದಲ್ಲಿ. 1970ರಲ್ಲಿ ಪೋತು ನರಸಿಂಹ ರಾವ್ ಮತ್ತು ರಾಬರ್ಟ್ ಜಾನ್ಸನ್ ಹೀಲಾ ಕೋಶಗಳನ್ನೇ ಬೆಸೆದು ನೋಡಿದ್ದರು: ಮೈಟೋಸಿಸ್‌ನಲ್ಲಿರುವ ಕೋಶಕ್ಕೆ ಇನ್ನೂ ಹೊತ್ತು ಬಾರದ ಕೋಶವನ್ನು ಸೇರಿಸಿದರೆ ಎರಡನೆಯದರ ಕ್ರೋಮೊಸೋಮುಗಳೂ ಅಕಾಲದಲ್ಲಿ ಗಟ್ಟಿಯಾದವು. ಮುಂದೆ ಎಂಪಿಎಫ್ (ಕೋಶವನ್ನು ವಿಭಜನೆಗೆ ಹೊರಡಿಸುವ ಅಂಶ) ಎನಿಸಿಕೊಂಡ, ಕೊನೆಗೆ ಸಿಡಿಕೆ1–ಸೈಕ್ಲಿನ್ ಬಿ ಎಂದು ಗುರುತಾದ ವಸ್ತುವಿನ ಪ್ರಭಾವ ಅದು. ಬೆರೆತರೆ ಒಂದು ಇನ್ನೊಂದನ್ನು ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಇಲ್ಲ. ಅದಕ್ಕೇ ಎಲ್ಲವೂ ಐಸಿನ ಮೇಲೆ, ಎಲ್ಲವೂ ಬೇಗ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಐಸ್ ಬಕೆಟ್ ಅರ್ಧ ತಾಸಿಗೆ ನೀರಾಗುತ್ತದೆ, ಎರಡನೇ ಬಕೆಟ್ ತುಂಬಿಟ್ಟುಕೊಂಡೇ ಶುರು ಮಾಡಿ.

ಕೋಶಗಳನ್ನು ತಣ್ಣನೆಯ ಪಿಬಿಎಸ್‌ನಲ್ಲಿ ತೊಳೆದು, ಬಫರ್ ಹಾಕಿ 20 ನಿಮಿಷ ಐಸಿನ ಮೇಲೆ ಇಡಿ. 4 ಡಿಗ್ರಿಯಲ್ಲಿ 14,000 ಜಿ ವೇಗದಲ್ಲಿ 10 ನಿಮಿಷ ತಿರುಗಿಸಿ ಮೇಲಿನ ತಿಳಿ ತೆಗೆದುಕೊಳ್ಳಿ. ಪ್ರೋಟೀನ್ ಅಳೆದು ಎಲ್ಲ ಗುಂಪಿನಿಂದಲೂ ಸಮ ಪ್ರಮಾಣ, 500 ಮೈಕ್ರೋಗ್ರಾಂ, ಎತ್ತಿಕೊಳ್ಳಿ. 25 ಮೈಕ್ರೋಗ್ರಾಂ ಇನ್‌ಪುಟ್‌ಗೆಂದು ಪ್ರತ್ಯೇಕ ಇಡಿ.

ಎಳೆಯುವುದು

ಯಾವ ಆಂಟಿಬಾಡಿಯಿಂದ ಎಳೆಯುತ್ತೀರಿ, ಯಾವುದರಿಂದ ನೋಡುತ್ತೀರಿ ಎಂದು ಖರೀದಿಗೆ ಮುಂಚೆ ಯೋಚಿಸಿ. ಎಳೆದ ಆಂಟಿಬಾಡಿಯೂ ಜೆಲ್‌ಗೆ ಬರುತ್ತದೆ: ಹೆವಿ ಚೈನ್ 50–55 ಕಿಲೋಡಾಲ್ಟನ್, ಲೈಟ್ ಚೈನ್ 25. ಸೈಕ್ಲಿನ್ ಬಿ1 ಸುಮಾರು 55–60ರಲ್ಲಿ, ಅಂದರೆ ಹೆವಿ ಚೈನ್‌ನ ತಲೆಯ ಮೇಲೇ ಕೂರುತ್ತದೆ. ಸಿಡಿಕೆ1 34ರಲ್ಲಿ, ಎರಡರ ನಡುವೆ ನಿರಾಳ. ಇಲಿಯ ಆಂಟಿಬಾಡಿಯಿಂದ ಸೈಕ್ಲಿನ್ ಬಿ1 ಎಳೆಯಿರಿ, ಮೊಲದ ಆಂಟಿಬಾಡಿಯಿಂದ ಸಿಡಿಕೆ1 ನೋಡಿ. ಸೆಕೆಂಡರಿ ಆಂಟಿಬಾಡಿ ಇಲಿಯದನ್ನು ಗುರುತಿಸದಂತೆ ಶೋಧಿಸಿದ್ದಿರಲಿ. ಇಲಿಯ ಐಜಿಜಿ1 (ಆಂಟಿಬಾಡಿಯ ಒಂದು ಬಗೆ) ಪ್ರೋಟೀನ್-ಎ ಬೀಡುಗಳಿಗೆ ಸರಿಯಾಗಿ ಅಂಟುವುದಿಲ್ಲ, ಪ್ರೋಟೀನ್-ಜಿ ತೆಗೆದುಕೊಳ್ಳಿ.

ತಿಳಿಯನ್ನು ಮೊದಲು ಬರಿಯ ಬೀಡುಗಳ ಜತೆ ಅರ್ಧ ತಾಸು ತಿರುಗಿಸಿ, ಬೀಡು ಚೆಲ್ಲಿ. ಆಮೇಲೆ 2 ಮೈಕ್ರೋಗ್ರಾಂ ಆಂಟಿಬಾಡಿ, 4 ಡಿಗ್ರಿಯಲ್ಲಿ ಎರಡು ತಾಸು. ರಾತ್ರಿಯಿಡೀ ಬಿಡುವ ಪದ್ಧತಿ ಹೆಚ್ಚು ಕಡೆ ಇದೆ, ನನಗೆ ಅದು ಇಷ್ಟವಿಲ್ಲ. ಹೊತ್ತು ಹೆಚ್ಚಿದಷ್ಟೂ ಬೇಡದ್ದು ಅಂಟಿಕೊಳ್ಳುತ್ತದೆ, ಫಾಸ್ಫೇಟ್ ಸವೆಯುತ್ತದೆ. ಮತ್ತೆ 20 ಮೈಕ್ರೋಲೀಟರ್ ಬೀಡು, ಒಂದು ತಾಸು. ಅಗರೋಸ್ ಬೀಡಾದರೆ ಪಿಪೆಟ್ ಟಿಪ್ಪಿನ ತುದಿ ಬ್ಲೇಡಿನಿಂದ ಕತ್ತರಿಸಿಕೊಳ್ಳಿ, ಇಲ್ಲವಾದರೆ ಒಂದು ಟ್ಯೂಬಿಗೆ ಹೆಚ್ಚು ಒಂದಕ್ಕೆ ಕಡಿಮೆ ಆಗುತ್ತದೆ. ಅದೇ ಬಫರಿನಿಂದ ನಾಲ್ಕು ಸಲ ತೊಳೆದು, 30 ಮೈಕ್ರೋಲೀಟರ್ ಸ್ಯಾಂಪಲ್ ಬಫರಿನಲ್ಲಿ 95 ಡಿಗ್ರಿಗೆ ಐದು ನಿಮಿಷ.

ಪಕ್ಕದಲ್ಲಿ ಇನ್ನೊಂದು ಟ್ಯೂಬ್ ಕಡ್ಡಾಯ: ಯಾವುದನ್ನೂ ಗುರುತಿಸದ ಇಲಿಯ ಐಜಿಜಿ, ಅಷ್ಟೇ ಪ್ರಮಾಣ, ಅದೇ ತಿಳಿ. ಅದರಲ್ಲೂ ಸಿಡಿಕೆ1 ಬಂದರೆ ಬೀಡಿಗೆ ಸುಮ್ಮನೆ ಅಂಟಿದೆ ಎಂದರ್ಥ. ಈ ಲೇನ್ ಇಲ್ಲದ ಐಪಿಯನ್ನು ನನ್ನ ಮುಂದೆ ತಂದವರಿಗೆ ನಾನು ಚಹಾ ಕೊಟ್ಟು ಕಳಿಸುತ್ತೇನೆ, ಬ್ಲಾಟ್ ನೋಡುವುದಿಲ್ಲ.

ನೋಡುವುದು, ಓದುವುದು

ಶೇಕಡಾ 12ರ ಜೆಲ್, ನಿಧಾನವಾಗಿ ಓಡಿಸಿ. ಬಣ್ಣ ಅಂಚಿಗೆ ಬಂದ ಮೇಲೂ ಸ್ವಲ್ಪ ಬಿಡಿ. ಕಾರಣ: ಫಾಸ್ಫೇಟ್ ಹೊತ್ತ ಸಿಡಿಕೆ1 ತುಸು ತಡವಾಗಿ ಇಳಿಯುತ್ತದೆ. ಚೆನ್ನಾಗಿ ಬಿಡಿಸಿದ ಜೆಲ್‌ನಲ್ಲಿ ಜಿ2ರ ಲೇನಿನ ಸಿಡಿಕೆ1 ಮೇಲೆ ಕೆಳಗೆ ಎರಡು ಮೂರು ಗೆರೆಯಾಗಿ, ಮೈಟೋಸಿಸ್‌ನದು ಕೆಳಗಿನ ಒಂದೇ ಗೆರೆಯಾಗಿ ಕಾಣುತ್ತದೆ. ಬೆಳಗಾವಿಯ ಹುಡುಗಿಯ ಜೆಲ್ ಅವಸರದಲ್ಲಿ ಓಡಿದ್ದು, ಫೋನಿನಲ್ಲಿ ಚಿತ್ರ ತೋರಿಸಿದಳು, ಗೆರೆಗಳೆಲ್ಲ ಒಂದರ ಮೇಲೊಂದು.

ಪೊರೆಯನ್ನು ಹಾಲಿನ ಪುಡಿಯಲ್ಲಿ ಬ್ಲಾಕ್ ಮಾಡಬೇಡಿ. ಹಾಲಿನ ಕೇಸಿನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನ್, ಫಾಸ್ಫೋ ಆಂಟಿಬಾಡಿಗಳಿಗೆ ಗೊಂದಲ. ಬಿಎಸ್‌ಎ ಬಳಸಿ. ಮೊದಲು ಟೈರೊಸಿನ್ 15ರ ಫಾಸ್ಫೇಟ್ ಗುರುತಿಸುವ ಆಂಟಿಬಾಡಿ, ಅದನ್ನು ತೊಳೆದು ತೆಗೆದ ಮೇಲೆ ಒಟ್ಟು ಸಿಡಿಕೆ1.

ಸರಿ ಬಂದರೆ ಹೀಗಿರುತ್ತದೆ: ಐಜಿಜಿ ಲೇನ್ ಖಾಲಿ. ಜಿ2 ಮತ್ತು ಮೈಟೋಸಿಸ್ ಎರಡರಲ್ಲೂ ಒಟ್ಟು ಸಿಡಿಕೆ1 ಸರಿಸುಮಾರು ಸಮ. ಟೈರೊಸಿನ್ 15 ಜಿ2ರಲ್ಲಿ ಗಾಢ, ಮೈಟೋಸಿಸ್‌ನಲ್ಲಿ ಮಸುಕು ಇಲ್ಲವೇ ಇಲ್ಲ. ಎಚ್3 ಸೆರಿನ್ 10 ಇದರ ತಿರುಗುಮುರುಗು.

ಎರಡೂ ಲೇನಿನಲ್ಲಿ ಟೈರೊಸಿನ್ 15 ಮಾಯವಾಗಿದ್ದರೆ ಮೊದಲ ಅನುಮಾನ ವನಾಡೇಟ್ ಮೇಲೆ. ಎರಡರಲ್ಲೂ ಗಾಢವಾಗಿ ನಿಂತಿದ್ದರೆ ಎಚ್3 ನೋಡಿ. ಅದೂ ಇಲ್ಲವಾದರೆ ಕೋಶಗಳು ಹೊರಟೇ ಇಲ್ಲ, ಆರ್‌ಒ ಸರಿಯಾಗಿ ತೊಳೆದಿಲ್ಲ. ಎಚ್3 ಇದೆ ಆದರೂ ಟೈರೊಸಿನ್ 15 ಗಾಢ ಎಂದರೆ ಉದುರಿಸುವಾಗ ಚಪ್ಪಟೆ ಕೋಶಗಳೂ ಜತೆಗೆ ಬಂದಿರಬಹುದು.

ಫಾಸ್ಫೋ ಆಂಟಿಬಾಡಿಯ ಮೇಲೇ ನಂಬಿಕೆ ಇಲ್ಲವೇ? ಜಿ2ರ ಬೀಡುಗಳನ್ನು ಎರಡು ಪಾಲು ಮಾಡಿ ಒಂದಕ್ಕೆ ಲ್ಯಾಂಬ್ಡಾ ಫಾಸ್ಫಟೇಸ್ ಕೊಡಿ. ಗೆರೆ ಹೋಗಬೇಕು. ಅದಕ್ಕೆ ಮ್ಯಾಂಗನೀಸ್ ಬೇಕು, ಇಡಿಟಿಎ ಮತ್ತು ವನಾಡೇಟ್ ಇರಬಾರದು, ಆದ್ದರಿಂದ ಬೀಡುಗಳನ್ನು ಮೊದಲು ಆ ಎರಡೂ ಇಲ್ಲದ ಬಫರಿನಲ್ಲಿ ತೊಳೆದುಕೊಳ್ಳಿ.

ನಿಜಕ್ಕೂ ಬಿಡಿಸಿಕೊಳ್ಳುವ ಜೋಡಿ

ಬಂಧ ಇದ್ದದ್ದು ಮೈಟೋಸಿಸ್‌ನಲ್ಲಿ ಕಡಿಯುವುದನ್ನೇ ನೋಡಬೇಕು ಎನ್ನುವವರು ಸಿಡಿಸಿ25ಸಿ (ಸಿಡಿಸಿ25ರ ಒಂದು ರೂಪ) ಮತ್ತು 14-3-3 ಎಂಬ ಪ್ರೋಟೀನಿನ ಜೋಡಿ ಹಿಡಿಯಿರಿ. ಇಂಟರ್‌ಫೇಸ್‌ನಲ್ಲಿ (ಎರಡು ವಿಭಜನೆಗಳ ನಡುವಿನ ಹೊತ್ತು) ಸಿಡಿಸಿ25ಸಿಯ ಸೆರಿನ್ 216ರ ಮೇಲೆ ಫಾಸ್ಫೇಟ್ ಇರುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದರೆ ಸಿಎಚ್‌ಕೆ1 ಎಂಬ ಕೈನೇಸ್ ಕೂಡ ಅಲ್ಲೇ ಫಾಸ್ಫೇಟ್ ಹಾಕುತ್ತದೆ. ಆ ಗುರುತಿಗೆ 14-3-3 ಅಂಟಿ ಸಿಡಿಸಿ25ಸಿಯನ್ನು ಸೈಟೊಪ್ಲಾಸಂನಲ್ಲೇ ಇಟ್ಟುಕೊಳ್ಳುತ್ತದೆ. ಮೈಟೋಸಿಸ್‌ನಲ್ಲಿ ಆ ಫಾಸ್ಫೇಟ್ ಹೋಗಿ ಜೋಡಿ ಬಿಡುತ್ತದೆ. ಸೆರಿನ್ 216ನ್ನು ಅಲನಿನ್ ಆಗಿ ಬದಲಿಸಿದ ಪ್ರೋಟೀನು 14-3-3ಕ್ಕೆ ಅಂಟುವುದಿಲ್ಲ, ಇದಕ್ಕಿಂತ ಒಳ್ಳೆಯ ಕಂಟ್ರೋಲ್ ಸಿಗದು. ಬಫರ್, ಬೀಡು, ಹೊತ್ತು ಎಲ್ಲ ಮೇಲಿನಂತೆಯೇ.

ಎರಡು ವ್ಯತ್ಯಾಸ. 14-3-3 ಇಳಿಯುವುದು 28–30 ಕಿಲೋಡಾಲ್ಟನ್‌ನಲ್ಲಿ, ಲೈಟ್ ಚೈನ್‌ನ ನೆರೆಮನೆ. ಆಂಟಿಬಾಡಿಯನ್ನು ಬೀಡಿಗೆ ರಾಸಾಯನಿಕವಾಗಿ ಕಟ್ಟಿಹಾಕಿದರೆ ಅದು ಜೆಲ್‌ಗೆ ಅಷ್ಟಾಗಿ ಬರುವುದಿಲ್ಲ. ಮತ್ತೆ, ಮೈಟೋಸಿಸ್‌ನಲ್ಲಿ ಸಿಡಿಸಿ25ಸಿ ಬೇರೆ ಜಾಗಗಳಲ್ಲಿ ಫಾಸ್ಫೇಟ್ ತುಂಬಿಕೊಂಡು ಜೆಲ್‌ನಲ್ಲಿ ಬಹಳ ಮೇಲೆ ನಿಲ್ಲುತ್ತದೆ. "ಬ್ಯಾಂಡೇ ಇಲ್ಲ" ಎಂದು ಬ್ಲಾಟ್ ಕತ್ತರಿಸಿ ಎಸೆಯುವ ಮುನ್ನ 70 ಕಿಲೋಡಾಲ್ಟನ್ ಸುತ್ತ ಹುಡುಕಿ.

ಪಠ್ಯಪುಸ್ತಕದ ಚಿತ್ರದಲ್ಲಿ ಸಿಡಿಸಿ25ಸಿ ನಾಯಕನಂತೆ ನಿಂತಿರುತ್ತದೆ. ಆದರೆ ಅದು ಇಲ್ಲದ ಇಲಿಗಳೂ ಹುಟ್ಟಿ ಬೆಳೆಯುತ್ತವೆ, ಸಿಡಿಸಿ25ಎ ಮತ್ತು ಬಿ ಆ ಕೆಲಸ ನಡೆಸಿಕೊಂಡು ಹೋಗುತ್ತವೆ. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಅದೇ ತಿಳಿಯಿಂದ ಸಿಡಿಸಿ25ಎಗೂ ಒಂದು ಬ್ಲಾಟ್ ಮಾಡಿ ಇಟ್ಟುಕೊಳ್ಳಿ.